ಎಣಿಸದ ಮಂದೆಯ ಕಾಕಾ

ಈ ವರ್ಷ ಏಪ್ರಿಲ್ ಕೊನೆಯ ವಾರ ಕುರಿಗಳು ಬಂದವು, ಕಾಕಾ ಬರಲಿಲ್ಲ. ಮಂದೆಯ ಹಿಂದೆ ಅವರ ಮಗಳು ಮತ್ತು ಅಳಿಯ ಇದ್ದರು. ನಮ್ಮ ಕಣದ ಮೂಲೆಯಲ್ಲಿರುವ ಮಾವಿನ ಮರದ ಕೆಳಗೆ ಗಂಟು ಇಳಿಸಿ ಮಗಳು ಅವ್ವನ ಹತ್ತಿರ ನೀರು ಕೇಳಿದಳು. ಕುಡಿದು ಚೊಂಬು ಕೆಳಗಿಟ್ಟ ಮೇಲೆ, ಸಂಕ್ರಾಂತಿ ಕಳೆದು ಎಂಟನೇ ದಿನ ಅಪ್ಪ ಹೋದರು ಎಂದು ಹೇಳಿದಳು. ಕಾಯಿಲೆ ಏನೂ ಇರಲಿಲ್ಲವಂತೆ. ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದು, ಕುರಿಗಳೆಲ್ಲ ಹೊರಗೆ ಹೋಗುವವರೆಗೆ ನಿಂತು ನೋಡಿ, ಆಮೇಲೆ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ.

ನಾನು ಪಿಯುಸಿ ಮೊದಲ ವರ್ಷದಿಂದ ದಿನಚರಿ ಬರೆಯುತ್ತೇನೆ. ಆ ಸಂಜೆ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿ ನೋಡಿದೆ. ಅವರು ನಮ್ಮೂರಿಗೆ ಬಂದದ್ದು ನಾನು ಬರೆದಿಟ್ಟ ಮಟ್ಟಿಗೆ ಏಳು ಬೇಸಿಗೆ. ಅತಿ ಕಡಿಮೆ ಇದ್ದದ್ದು ಹತ್ತೊಂಬತ್ತು ದಿನ, ಅತಿ ಹೆಚ್ಚು ಮೂವತ್ತನಾಲ್ಕು. ನಮ್ಮ ಮನೆಯಲ್ಲಿ ಉಂಡದ್ದು ನೂರ ಹನ್ನೆರಡು ಹೊತ್ತು. ಅಷ್ಟರಲ್ಲಿ ಒಂದು ಸಲವೂ ಅವರು ಒಳಗೆ ಕೂತು ಉಣ್ಣಲಿಲ್ಲ. ಅವ್ವ ಎಷ್ಟು ಕರೆದರೂ ಜಗಲಿಯ ತುದಿಯೇ ಬೇಕು. ಅಲ್ಲಿಂದ ಕುರಿಗಳು ಕಾಣುತ್ತವೆ, ಒಳಗಿನಿಂದ ಗೋಡೆ ಕಾಣುತ್ತದೆ ಎನ್ನುತ್ತಿದ್ದರು.

ಅವರ ಊರು ಶಿಕಾರಿಪುರದಿಂದ ಆಚೆ, ಬಯಲು ಶುರುವಾಗುವ ಕಡೆ. ನಮ್ಮದು ಸೊರಬ ತಾಲ್ಲೂಕು, ಕುಪ್ಪಗಡ್ಡೆಯ ಹತ್ತಿರ. ಬೇಸಿಗೆಯ ಕೊನೆಗೆ ಆ ಕಡೆ ಮೇವು ಮುಗಿದಾಗ ಅವರು ಮಂದೆ ಹೊಡೆದುಕೊಂಡು ಈ ಕಡೆ ಬರುತ್ತಿದ್ದರು. ಹಗಲು ಕೊಯ್ದ ಗದ್ದೆಗಳಲ್ಲಿ ಮೇಯಿಸುವುದು, ಸಂಜೆ ಯಾರಾದರೊಬ್ಬರ ಗದ್ದೆಯಲ್ಲಿ ಸುತ್ತ ಬಲೆ ಕಟ್ಟಿ ಕುರಿಗಳನ್ನು ನಿಲ್ಲಿಸುವುದು. ಬೆಳಗಾಗುವುದರೊಳಗೆ ಆ ನೆಲಕ್ಕೆಲ್ಲ ಹಿಕ್ಕೆ ಬಿದ್ದಿರುತ್ತದೆ. ರೋಹಿಣಿ ಮಳೆಗೆ ಕೂರಿಗೆ ಹೂಡಿ ಭತ್ತ ಬಿತ್ತುವವರಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಗದ್ದೆಯವರು ಅವರಿಗೆ ಊಟ ಹಾಕಿ, ಹೋಗುವಾಗ ಭತ್ತ ಕೊಡುತ್ತಾರೆ. ಮಳೆ ಹಿಡಿಯುವ ಮೊದಲು ಅವರು ಹೊರಡಬೇಕು. ಹಸಿ ನೆಲದಲ್ಲಿ ನಿಂತರೆ ಕುರಿಗಳ ಗೊರಸು ಕೊಳೆಯುತ್ತದೆ.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಮ್ಮ ಕಡೆ ಹಾಗೆ ಕರೆಯುವುದಿಲ್ಲ. ಮೊದಲ ವರ್ಷ ನಾನು "ರೀ, ರೀ" ಎಂದು ಕರೆದಾಗ ಅವರು ತಿರುಗಿ ನೋಡಲೇ ಇಲ್ಲ. ಮೂರನೇ ಸಲಕ್ಕೆ, "ರೀ ಅಂದ್ರೆ ತಾಲ್ಲೂಕಾಪೀಸ್ನ್ಯಾಗ ನಿಂತಂಗಾಕೈತಿ ತಂಗಿ, ಕಾಕಾ ಅನ್ನು" ಎಂದರು. ಆಮೇಲೆ ಊರಿಗೆಲ್ಲ ಕುರಿ ಕಾಕಾ ಆದರು.

ಎತ್ತರದ ಆಳು. ಸ್ವಲ್ಪ ಬಾಗಿದ ಬೆನ್ನು. ಎಡ ಹೆಗಲ ಮೇಲೆ ಮಡಿಸಿದ ಕರಿ ಕಂಬಳಿ, ಎಂಥ ಬಿಸಿಲಿದ್ದರೂ. ಕೊರಳಲ್ಲಿ ದಾರ, ದಾರದ ತುದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲು. ಊರಿನಿಂದ ಹೆಂಡತಿ ಫೋನು ಮಾಡಿದರೆ ಮಂದೆ ಬಿಟ್ಟು ದೂರ, ಕೆರೆ ಏರಿಯವರೆಗೂ ನಡೆದು ಹೋಗಿ ಮಾತಾಡುತ್ತಿದ್ದರು. ಗುಟ್ಟು ಏನಿರಬಹುದು ಎಂದು ನಾವು ನಗುತ್ತಿದ್ದೆವು. ಒಂದು ದಿನ ಕೇಳಿಯೇ ಬಿಟ್ಟೆ. ಅವರು ಮುಂದಿನ ಸಲ ಫೋನು ಬಂದಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸ್ಪೀಕರ್ ಹಾಕಿದರು. ಆ ಕಡೆಯಿಂದ ಹೆಂಗಸಿನ ದನಿ ಬಂದದ್ದೇ ತಡ, ಮೇಯುತ್ತಿದ್ದ ಕುರಿಗಳು ಒಂದೊಂದಾಗಿ ತಲೆಯೆತ್ತಿ ನಮ್ಮ ಕಡೆ ಬರತೊಡಗಿದವು. ಮರಿಗಳಾಗಿದ್ದಾಗ ಅವಕ್ಕೆಲ್ಲ ಹಿಂಡಿ ತಿನ್ನಿಸಿದವರು ಆಕೆ. "ನೋಡಿದ್ಯಾ, ನನ್ನ ಮಾತಿಗೆ ಒಂದೂ ಹಿಂಗ ಬರಂಗಿಲ್ಲ" ಎಂದು ಫೋನು ಇಟ್ಟರು.

ಅವ್ವನಿಗೂ ಅವರಿಗೂ ರೊಟ್ಟಿಯ ಜಗಳ. ಅವರು ಊರಿನಿಂದ ಬರುವಾಗ ಒಣಗಿಸಿದ ಜೋಳದ ರೊಟ್ಟಿಯ ಕಟ್ಟು ತರುತ್ತಿದ್ದರು. ನಮ್ಮ ಮನೆಯದು ಅಕ್ಕಿ ರೊಟ್ಟಿ. ಬಂದ ದಿನವೇ ಅದಲು ಬದಲು ಆಗಬೇಕು. ನಿಮ್ಮ ರೊಟ್ಟಿ ಬಿಸಿ ಇರುವ ತನಕ ರೊಟ್ಟಿ, ಆರಿದರೆ ಚಪ್ಪಲಿಗೆ ಅಟ್ಟೆ ಹಾಕಬಹುದು ಎಂದು ಅವರು ಹೇಳುವುದು. ನಿಮ್ಮದನ್ನು ಮುರಿಯಲು ಕೊಡಲಿ ಬೇಕು, ಇವರ ಹಲ್ಲು ಹೋಗಿದ್ದು ಅದರಿಂದಲೇ ಎಂದು ಅವ್ವ ಅಪ್ಪನನ್ನು ತೋರಿಸುವುದು. ಪ್ರತಿ ವರ್ಷ ಅದೇ ಮಾತು, ಅದೇ ನಗು. ಒಂದು ವರ್ಷ ಅವ್ವನಿಗೆ ಜ್ವರ ಬಂದು ಮಾತಾಡುವ ಚೈತನ್ಯ ಇರಲಿಲ್ಲ. ಕಾಕಾ ಎರಡೂ ಕಡೆಯ ಮಾತನ್ನು ತಾವೇ ಆಡಿ ಮುಗಿಸಿ, ರೊಟ್ಟಿ ಕಟ್ಟು ಇಟ್ಟು ಹೋದರು.

ಅದೇ ವರ್ಷವೋ ಅದರ ಹಿಂದಿನ ವರ್ಷವೋ, ಇಲ್ಲ, ಪುಸ್ತಕದಲ್ಲಿದೆ, ಹಿಂದಿನ ವರ್ಷ, ಅಂಗಳದಲ್ಲಿ ಹರಡಿದ್ದ ಸಂಡಿಗೆಗೆ ಅವರನ್ನು ಕಾವಲು ಕೂರಿಸಿ ನಾವು ಸೌದೆ ಒಟ್ಟಲು ಹಿತ್ತಿಲಿಗೆ ಹೋಗಿದ್ದೆವು. ಒಂದು ಕಾಗೆಯನ್ನೂ ಅವರು ಹತ್ತಿರ ಬಿಡಲಿಲ್ಲ. ಆದರೆ ಅವರ ಬೆನ್ನ ಹಿಂದೆಯೇ ನಿಂತು ಒಂದು ಮರಿ ಎರಡು ಸಾಲು ಸಂಡಿಗೆ ತಿಂದಿತ್ತು. ನಲವತ್ತಾರು ಸಂಡಿಗೆ. ಅವ್ವ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಾಗ ಕಾಕಾ ಮರಿಯ ಬಾಯಿ ಹತ್ತಿರ ಕಿವಿ ಕೊಟ್ಟು, ಗಂಭೀರವಾಗಿ, "ಉಪ್ಪು ಒಂಚೂರು ಜಾಸ್ತಿ ಆಗೈತಿ ಅಂತೈತ್ರೀ" ಎಂದರು.

ಕುರಿಗಳಿಗೆ ಅವರು ಇಟ್ಟ ಹೆಸರುಗಳು ಬೇರೆಯೇ. ತಲೆ ಬಗ್ಗಿಸಿ ಕಣ್ಣು ಮಾತ್ರ ಮೇಲೆತ್ತಿ ನೋಡುವ ಒಂದು ಮುದಿ ಕುರಿ ಮೇಷ್ಟ್ರು. ದಾರಿಯ ಕಿರಿದಾದ ಜಾಗದಲ್ಲಿ ಪಕ್ಕಕ್ಕೆ ನಿಂತು, ಮಿಕ್ಕವನ್ನೆಲ್ಲ ತಲೆಯಿಂದ ನೂಕಿ ಒಳಗೆ ಕಳಿಸಿ, ಕೊನೆಗೆ ತಾನು ಹೋಗುವ ಟಗರು ಕಂಡಕ್ಟರ್. ನಮ್ಮ ಪಕ್ಕದ ಮನೆಯ ದೊಡ್ಡಪ್ಪನ ಹೆಸರಿನಲ್ಲೂ ಒಂದಿತ್ತು. ಅದು ಯಾವುದು ಎಂದು ನನಗೊಬ್ಬಳಿಗೆ ಮಾತ್ರ ತೋರಿಸಿದ್ದರು. ಎಲ್ಲದರಲ್ಲೂ ಮೂಗು ತೂರಿಸುವ ಕುರಿ.

ಆದರೆ ಮಂದೆಯಲ್ಲಿ ಒಟ್ಟು ಎಷ್ಟು ಎಂದು ಕೇಳಿದರೆ ಉತ್ತರ ಬರುತ್ತಿರಲಿಲ್ಲ. "ಅದಾವು" ಎನ್ನುತ್ತಿದ್ದರು. ಸಂಜೆ ಬಲೆಯೊಳಗೆ ತುಂಬುವಾಗ ಅವರ ತುಟಿ ಅಲ್ಲಾಡುತ್ತಿರಲಿಲ್ಲ, ಬೆರಳು ಮಡಚುತ್ತಿರಲಿಲ್ಲ. ಒಂದೊಂದರ ಮುಖವನ್ನೂ ನೋಡಿ, "ಮೇಷ್ಟ್ರ ಮಗಳು ಬಂದಿಲ್ಲ" ಎಂದು ಹೇಳಿ ಕೆರೆಯ ಕಡೆ ಹೊರಡುತ್ತಿದ್ದರು. ಅಲ್ಲಿ ಅದು ಇರುತ್ತಿತ್ತು. ಕುರಿ ಎಣಿಸಬಾರದು ಎಂಬ ನಿಯಮ ಅವರ ಮನೆತನದಲ್ಲಿ ಇದೆ ಎಂಬುದು ಊರಿನವರಿಗೆಲ್ಲ ಅಷ್ಟಿಷ್ಟು ಗೊತ್ತಿತ್ತು. ನಾನು ಅದನ್ನು ಒಬ್ಬ ಮುದುಕರ ಅಭ್ಯಾಸ ಎಂದುಕೊಂಡಿದ್ದೆ. ಹಲಸಿನ ಮರದಲ್ಲಿ ಎಷ್ಟು ಕಾಯಿ, ಒಂದು ಮೊರಕ್ಕೆ ಎಷ್ಟು ಹಪ್ಪಳ ಎಂದು ಬರೆದಿಡುವವಳು ನಾನು. ಕಣ್ಣೆದುರು ಇರುವುದನ್ನು ಎಣಿಸದೆ ಬಿಡುವುದು ನನ್ನಿಂದ ಆಗುತ್ತಿರಲಿಲ್ಲ.

ನನ್ನ ತಪ್ಪು ಆದದ್ದು ನಾನು ಸೊರಬದಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲೇ ಉಳಿದ ಬೇಸಿಗೆ. ನಮಗೆ ಊರ ಮೇಲ್ಭಾಗದಲ್ಲಿ ಇಪ್ಪತ್ತು ಗುಂಟೆಯ ಒಂದು ಗದ್ದೆ ಇದೆ. ಅದರ ಪಕ್ಕದ ಎರಡು ಎಕರೆಯನ್ನು ಶುಂಠಿ ಬೆಳೆಯುವ ಒಬ್ಬರು ಗುತ್ತಿಗೆಗೆ ಹಿಡಿದಿದ್ದರು. ನಮ್ಮದನ್ನೂ ಸೇರಿಸಿಕೊಳ್ಳುತ್ತೇನೆ ಎಂದು ಅಪ್ಪನನ್ನು ಕೇಳುತ್ತಿದ್ದರು. ಶುಂಠಿ ಬೆಳೆದು ಬಿಟ್ಟ ನೆಲ ಮತ್ತೆ ಭತ್ತಕ್ಕೆ ಒಗ್ಗಲು ಎಷ್ಟು ವರ್ಷ ಬೇಕು ಎಂದು ನಾನು ಸುತ್ತಮುತ್ತ ನೋಡಿ ಬರೆದಿಟ್ಟಿದ್ದೆ. ಆ ಗದ್ದೆಯನ್ನು ನನಗೆ ಕೊಡಿ, ನಾನೇ ಬಿತ್ತಿ ಬೆಳೆಯುತ್ತೇನೆ ಎಂದು ಅಪ್ಪನಲ್ಲಿ ಕೇಳಿದೆ. ಜೀವನದಲ್ಲಿ ನಾನು ಅಪ್ಪನಲ್ಲಿ ನನ್ನದು ಎಂದು ಕೇಳಿದ ಮೊದಲ ವಸ್ತು ಅದು.

ಅಪ್ಪ ಇಲ್ಲ ಎನ್ನಲಿಲ್ಲ. ಕೊಟ್ಟಿಗೆ ಗೊಬ್ಬರ ಕೆಳಗಿನ ಗದ್ದೆಗೇ ಸಾಲುವುದಿಲ್ಲ, ಮೇಲಿನ ನೆಲಕ್ಕೆ ಏನು ಹಾಕುತ್ತೀಯ ಎಂದರು. ಕುರಿ ನಿಲ್ಲಿಸುತ್ತೇನೆ ಎಂದೆ. ಅಪ್ಪ ಹೇಳಿದರು: "ಹಂಗಾದ್ರೆ ಕುರಿ ಎಷ್ಟು ಜಾಗದಾಗೆ ನಿಲ್ತಾವೋ ಅಷ್ಟು ನಿಂದು. ಮಿಕ್ಕಿದ್ದು ಶುಂಠಿಯೋರಿಗೆ."

ಇಪ್ಪತ್ತು ಗುಂಟೆಗೆ ಎರಡು ರಾತ್ರಿ ಬೇಕು. ಅಪ್ಪನ ಷರತ್ತು ಹೇಳಿ ಕಾಕಾನನ್ನು ಕೇಳಿದೆ. ಆಗಲಿ ತಂಗಿ, ನಿನ್ನ ಪಾಳಿ ಬಂದಾಗ ಎರಡು ರಾತ್ರಿ ಎಂದರು.

ಪಾಳಿಯೇ ತೊಡಕು. ನಮ್ಮಲ್ಲಿ ಕುರಿ ನಿಲ್ಲಿಸುವ ಮನೆಗಳು ಒಂಬತ್ತು. ಯಾರಿಗೆ ಎಷ್ಟು ರಾತ್ರಿ, ಯಾರು ಮೊದಲು ಎಂದು ಪ್ರತಿ ವರ್ಷ ಮಾತಿಗೆ ಮಾತು ಬೆಳೆಯುತ್ತಿತ್ತು. ಅಳತೆ ಹಾಕಿ ಒಂದು ಪಟ್ಟಿ ಮಾಡಿದರೆ ಜಗಳವೇ ಇರುವುದಿಲ್ಲ ಎಂದು ನನಗೆ ತೋರಿತು. ಅದಕ್ಕೆ ಕುರಿಗಳ ಸಂಖ್ಯೆ ಬೇಕಲ್ಲ. ಕೆರೆ ಏರಿಯ ಕಂಡಿಯಲ್ಲಿ ಮಂದೆ ಸಾಲಾಗಿ ಇಳಿಯುವಾಗ ಮೂರು ಸಂಜೆ ಗಿಡದ ಮರೆಯಲ್ಲಿ ನಿಂತು, ಐದೈದು ಗೀಟು ಹಾಕಿ ಎಣಿಸಿದೆ. ಮೂರು ಸಲವೂ ಒಂದೇ ಸಂಖ್ಯೆ ಬಂತು. ನನಗೆ ಹೆಮ್ಮೆಯಾಯಿತು. ದೊಡ್ಡ ಹಾಳೆಯ ಮೇಲೆ ಒಂಬತ್ತು ಮನೆ, ಗದ್ದೆಯ ಅಳತೆ, ರಾತ್ರಿಗಳು, ಎಲ್ಲದಕ್ಕಿಂತ ಮೇಲೆ ನೀಲಿ ಬಣ್ಣದಲ್ಲಿ ಒಟ್ಟು ಕುರಿಗಳ ಸಂಖ್ಯೆ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸಿದೆ.

ಆ ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ಓದಿದರು. ಚೆನ್ನಾಗಿದೆ ಎಂದರು. ಚಹಾಕ್ಕೆ ಹಾಲು ತೆಗೆದುಕೊಳ್ಳಲು ಕಾಕಾ ಬಂದರು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದರು. ಅಕ್ಷರಗಳನ್ನು ಬೆರಳಿನಲ್ಲಿ ಮುಟ್ಟುತ್ತ ನಿಧಾನವಾಗಿ ಓದುತ್ತಿದ್ದರು. ಬೆರಳು ಮೇಲಿನ ಸಾಲಿಗೆ ಹೋಗಿ ನಿಂತಿತು. ಸಂಖ್ಯೆಯನ್ನು ಅವರು ಬಾಯಿಬಿಟ್ಟು ಓದಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಹಾಲಿನ ಪಾತ್ರೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೋದರು. ಮಧ್ಯಾಹ್ನ ನೋಡಿದರೆ ಬಲೆ, ಗೂಟ, ಗಂಟು ಯಾವುದೂ ಇಲ್ಲ. ಮಂದೆ ಹೊಸಬಾಳೆ ಊರಿನ ದಾರಿ ಹಿಡಿದಿತ್ತು.

ಲೆಕ್ಕದಮ್ಮ ಕುರಿ ಓಡಿಸಿದಳು ಎಂದು ಪಕ್ಕದ ಮನೆ ದೊಡ್ಡಪ್ಪ ಡೇರಿಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದರು. ಅವರ ಪಾಳಿ ಆ ಸಂಜೆಯೇ ಇತ್ತು. ಇನ್ನು ಎರಡು ವಾರದಲ್ಲಿ ಮಳೆ ಬರುವುದು, ಬೇರೆ ಮಂದೆ ಎಲ್ಲಿಂದ ತರುವುದು ಎಂದು ಉಳಿದವರು ಅಪ್ಪನನ್ನು ಕೇಳಿದರು.   ಹಾಳೆಯನ್ನು ಹರಿದು ಒಲೆಗೆ ಹಾಕಿ, ಮರುದಿನ ಬೆಳಿಗ್ಗೆ ಸ್ಕೂಟಿ ಹತ್ತಿ ಹೊಸಬಾಳೆಗೆ ಹೋದೆ.

ಅಲ್ಲಿ ಕೆರೆಯ ಪಕ್ಕ, ಹುಣಸೆ ಮರದ ನೆರಳಿನಲ್ಲಿ ಅವರು ಒಂದು ಕುರಿಯನ್ನು ಅಡ್ಡ ಮಲಗಿಸಿಕೊಂಡು ಗೊರಸು ಕೆತ್ತುತ್ತಿದ್ದರು.  ಅದರ ಹಿಂಗಾಲು ಒದೆಯುತ್ತಿತ್ತು, ಹಿಡಿದುಕೊಂಡೆ. ಪಟ್ಟಿ ಹರಿದು ಹಾಕಿದ್ದೇನೆ ಎಂದೆ.

"ಕಾಗದ ಹರೀತು. ಓದಿದೋರ ತಲಿಯಾಗ ಐತಲ್ಲ."

ತಪ್ಪಾಯಿತು ಎಂದೆ. ಎಣಿಸಿದರೆ ಕುರಿ ಸಾಯುತ್ತವೆ ಎಂದು ನಿಮ್ಮಲ್ಲಿ ನಂಬಿಕೆ ಇದೆ ಎಂದು ಕೇಳಿದ್ದೆ, ಆದರೂ ಎಣಿಸಿದೆ ಎಂದೆ. ಅವರು ಕೆತ್ತುವುದನ್ನು ನಿಲ್ಲಿಸಿದರು.

"ಸಾಯ್ತಾವೋ ಇಲ್ಲೋ, ಅದು ನಮ್ಮಪ್ಪನ ಮಾತು, ನನಗ ಗೊತ್ತಿಲ್ಲ. ನನ್ನ ಭಯ ಬ್ಯಾರೆ ಐತಿ. ನಿನ್ನೆ ಸಂಜಿಗೆ ಬಲಿಯಾಗ ತುಂಬುವಾಗ ನನ್ನ ಬಾಯಿ ತಾನಾಗೇ ಒಂದು, ಎರಡು ಅನ್ನಾಕ ಹತ್ತಿತು. ನಿನ್ನ ನಂಬರು ಮುಟ್ಟಿತು, ಸಾಕು ಅಂತ ಕುಂತೆ. ಇದು ಕುಂಟಿದ್ದು ನಾ ನೋಡ್ಲೇ ಇಲ್ಲ ತಂಗಿ. ನಂಬರು ಕುಂಟಂಗಿಲ್ಲ ನೋಡು."

ನನ್ನ ಕೈಯಲ್ಲಿದ್ದ ಕಾಲು ಅದೇ ಕುರಿಯದು. ಗೊರಸಿನ ಸಂದಿಯಲ್ಲಿ ಜಾಲಿ ಮುಳ್ಳು ಆಳಕ್ಕೆ ಹೋಗಿ ಊದಿಕೊಂಡಿತ್ತು.  ಅವರು ಮುಳ್ಳು ತೆಗೆದು, ಅರಿಸಿನ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಅದನ್ನು ಎಬ್ಬಿಸಿ ಬಿಟ್ಟರು. ಆಮೇಲೆ ಎದ್ದು ಮಂದೆಯೊಳಗೆ ಹೋಗಿ, ಮೂರು ತಿಂಗಳ ಒಂದು ಹೆಣ್ಣು ಮರಿಯನ್ನು ಎತ್ತಿಕೊಂಡು ಬಂದು ನನ್ನ ತೋಳಿಗೆ ಹಾಕಿದರು.

"ತಗಂಡು ಹೋಗು. ಈಗ ನಿನ್ನ ಲೆಕ್ಕ ಸುಳ್ಳಾತು."

ಬೇಡ ಎಂದರೆ ಕೇಳುವವರಲ್ಲ. ಇದು ದಂಡವೇ, ಬಹುಮಾನವೇ ಎಂದು ಆಗ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಗೋಣಿಚೀಲದಿಂದ ತಲೆ ಮಾತ್ರ ಹೊರಗಿಟ್ಟು, ಸ್ಕೂಟಿಯಲ್ಲಿ ಕಾಲಿನ ಹತ್ತಿರ ನಿಲ್ಲಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅದು ಕೂಗಿತು. ನಮ್ಮ ಮನೆಯಲ್ಲಿ ಕುರಿ ಸಾಕಿ ಯಾರಿಗೂ ಗೊತ್ತಿಲ್ಲ ಎಂದು ಅವ್ವ ಮುಖ ತಿರುಗಿಸಿದಳು. ಎರಡೇ ದಿನ. ಮೂರನೇ ದಿನ ಮಾವಿನಕಾಯಿ ಹೆಚ್ಚುತ್ತ ಕೂತು ಸಿಪ್ಪೆಯನ್ನೆಲ್ಲ ಅದಕ್ಕೇ ಹಾಕುತ್ತಿದ್ದಳು. ಈಗ ನಮ್ಮ ಕೊಟ್ಟಿಗೆಯಲ್ಲಿ ಅದರ ಮೊಮ್ಮಗಳೂ ಇದ್ದಾಳೆ.

ಆ ಮೂರನೇ ದಿನವೇ ಕಾಕಾ ಮಂದೆ ಹೊಡೆದುಕೊಂಡು ಹಿಂತಿರುಗಿದರು. ಡೇರಿಯ ಮುಂದೆ ಎಂಟು ಮನೆಯವರು ಕೂತು ಮಾತಾಡಿ, ತಪ್ಪು ಮಾಡಿದ ಮನೆಯ ಪಾಳಿ ಕೊನೆಗೆ ಎಂದು ತೀರ್ಮಾನಿಸಿದರು. ದಿನ ಎಣಿಸಿ ನೋಡಿದೆ. ಎಂಟು ಮನೆಗೆ ಹನ್ನೆರಡು ರಾತ್ರಿ, ಅದು ಮುಗಿಯುವಷ್ಟರಲ್ಲಿ ರೋಹಿಣಿ ಮಳೆ ಹುಟ್ಟುತ್ತದೆ. ಕಾಕಾನ ಹತ್ತಿರ ಹೋಗಿ ಏನಾದರೂ ಮಾಡಲಾದೀತೇ ಎಂದು ಕೇಳಿದೆ. ಪಾಳಿ ಎಂದರೆ ಪಾಳಿಯೇ, ನಿನ್ನ ಮುಖ ನೋಡಿ ಮುಂದೆ ತಂದರೆ ನಾಳೆ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ.

ಆ ಹನ್ನೆರಡು ದಿನ ಮನೆಯಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಮಾವಿನಕಾಯಿ ಉಪ್ಪಿಗೆ ಹಾಕಿದೆವು, ಹನ್ನೊಂದು ಸೇರು. ಸೌದೆಯನ್ನು ಸೂರಿನ ಕೆಳಗೆ ಒಟ್ಟಿದೆವು. ಬೀಜದ ಭತ್ತವನ್ನು ಮತ್ತೊಮ್ಮೆ ಬಿಸಿಲಿಗೆ ಹಾಕಿ ತೂರಿದೆವು. ಅಪ್ಪ ಕೂರಿಗೆಯನ್ನು ಅಟ್ಟದಿಂದ ಇಳಿಸಿ ಅದರ ಒಡೆದ ಹಲ್ಲೊಂದನ್ನು ಬಡಗಿಯಿಂದ ಹೊಸದು ಮಾಡಿಸಿದರು. ನಾನು ಎಲ್ಲವನ್ನೂ ಮಾಡುತ್ತ ಪಡುವಣ ಆಕಾಶ ನೋಡುತ್ತಿದ್ದೆ. ಪ್ರತಿ ಸಂಜೆ ಕಪ್ಪಾಗುತ್ತಿತ್ತು, ಗುಡುಗುತ್ತಿತ್ತು, ಗಾಳಿ ಬೀಸಿ ಹೋಗುತ್ತಿತ್ತು.

ಹದಿಮೂರನೇ ದಿನ ಸಂಜೆ ಐದಕ್ಕೆ ಮಂದೆ ಮೇಲಿನ ಗದ್ದೆಗೆ ಏರಿತು. ಕಾಕಾ ಮೋಡ ನೋಡಿ ಹೇಳಿದರು, ಒಂದೇ ರಾತ್ರಿ, ನಾಳೆ ಬೆಳಿಗ್ಗೆ ನಾವು ಊರ ದಾರಿ ಹಿಡಿಯುತ್ತೇವೆ. ಅರ್ಧ ಗದ್ದೆ ಹೋಯಿತು ಎಂದುಕೊಂಡೆ. ಅವರು ಯಾವಾಗಲೂ ಬಲೆಯನ್ನು ಗದ್ದೆಯ ಒಂದು ಬದಿಯಿಂದ, ಬದುವಿಗೆ ಒತ್ತಿ ಶುರುಮಾಡುತ್ತಾರೆ. ಹಾಗೆ ಮಾಡಿದರೆ ಶುಂಠಿಯ ಹೊಲಕ್ಕೆ ತಾಗಿದ ಅರ್ಧ ಶುಂಠಿಯವರ ಪಾಲಾಗುತ್ತದೆ. ಆದರೆ ಆ ದಿನ ಅವರು ಬದುವಿನಿಂದ ಹೆಜ್ಜೆ ಹಾಕುತ್ತ ಒಳಗೆ ಬಂದು ಏಳನೇ ಹೆಜ್ಜೆಗೆ ಮೊದಲ ಗೂಟ ಊರಿದರು. ಎದುರು ಬದಿಯಲ್ಲೂ ಏಳು ಹೆಜ್ಜೆ ಬಿಟ್ಟರು. ಬಲೆಯನ್ನು ಎಂದಿಗಿಂತ ಸಡಿಲವಾಗಿ, ಅಗಲವಾಗಿ ಎಳೆಸಿದರು. ಸುತ್ತ ಅಂಚೆಲ್ಲ ಖಾಲಿ ಉಳಿಯುತ್ತದೆ ಕಾಕಾ ಎಂದೆ. ಅವರು ಗೂಟ ಹೊಡೆಯುವ ಕೊಡತಿಯನ್ನು ನನ್ನ ಕೈಗೆ ಕೊಟ್ಟು ಮುಂದಿನ ಗೂಟ ತೋರಿಸಿದರು.

ಬೆಳಗಿನ ಜಾವ ನಾಲ್ಕು ಹನಿ ಬಿತ್ತು, ಮಣ್ಣು ಕಪ್ಪಾಗುವಷ್ಟು. ಆರೂವರೆಗೆ ಅಪ್ಪ ಶುಂಠಿಯವರನ್ನು ಕರೆದುಕೊಂಡು ಬಂದರು. ಕುರಿಗಳು ಆಗಲೇ ದಾರಿಯಲ್ಲಿದ್ದವು, ಕಾಕಾ ಬಲೆ ಸುತ್ತುತ್ತಿದ್ದರು. ಗದ್ದೆಯ ನಡುವೆ ದೊಡ್ಡ ಚೌಕದ ತುಂಬ ಹಿಕ್ಕೆ. ಸುತ್ತ ನಾಲ್ಕೂ ಕಡೆ ಏಳೇಳು ಹೆಜ್ಜೆಯ ಬರಿ ಪಟ್ಟಿ. ಶುಂಠಿಯವರು ಒಂದು ಸುತ್ತು ಬಂದರು. ಈ ಪಟ್ಟಿಯಲ್ಲಿ ಶುಂಠಿಗೆ ಮಡಿ ಮಾಡುವುದಿರಲಿ, ಟ್ರ್ಯಾಕ್ಟರ್ ತಿರುಗಿಸಲೂ ಆಗುವುದಿಲ್ಲ, ನಿಮ್ಮದು ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಬೈಕು ಹತ್ತಿ ಹೋದರು.

ಅಪ್ಪ ಬದುವಿನ ಮೇಲೆ ನಿಂತು ಗದ್ದೆಯನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ನಡುವಿಗೆ ಯಾಕೆ ಹಾಕಿದ್ರಿ ಬಲೆ?"

ಕಾಕಾ ಗಂಟು ಬಿಗಿಯುತ್ತ, ತಲೆಯೆತ್ತದೆ ಹೇಳಿದರು: "ಅಂಚಿನ್ಯಾಗ ನೀರು ನಿಂತಿತ್ತು ಗೌಡ್ರೆ."

ಆ ಗದ್ದೆ ಇಳಿಜಾರಿನದು. ಆಷಾಢದ ಮಳೆಗೂ ಅದರ ಅಂಚಿನಲ್ಲಿ ನೀರು ನಿಲ್ಲುವುದಿಲ್ಲ. ಬುದ್ಧಿ ತಿಳಿದಾಗಿನಿಂದ ಅದನ್ನು ಉತ್ತವರು ಅಪ್ಪ.

"ನಿಂತಿರಬೌದು" ಎಂದು ಅಪ್ಪ ಹೇಳಿದರು. ಕೂರಿಗೆ ಹೂಡಲು ಎತ್ತು ಹೊಡೆದುಕೊಂಡು ಬಾ ಎಂದು ನನ್ನನ್ನು ಮನೆಗೆ ಕಳಿಸಿದರು.